ನಂಬರಿಲ್ಲದ ಊರಿನ ಹುಡುಗಿ

ಬ್ಯಾಟರಾಯನಪುರದ ಹಳೇ ಊರಿನಲ್ಲಿ ಸೀರೆಗೆ ಫಾಲ್ಸ್ ಹಾಕಿಸಬೇಕೆಂದು ಯಾರನ್ನು ಕೇಳಿದರೂ ಧನಲಕ್ಷ್ಮಿಯ ಮನೆ ತೋರಿಸುತ್ತಿದ್ದರು. ತಾಯಿ ಮುನಿಕೆಂಪಮ್ಮ ತನ್ನ ಮನೆಯ ಪಕ್ಕದಲ್ಲೇ ಬಿಟ್ಟುಕೊಟ್ಟ ಎರಡು ಕೋಣೆ, ಮುಂದೊಂದು ಜಗಲಿ, ಜಗಲಿಯ ಮೇಲೆ ಹೊಲಿಗೆ ಮೆಷೀನು. ಫಾಲ್ಸ್ ಹಾಕಿದ್ದು ಸೀರೆಯ ಹೊರಮೈಗೆ ಗೊತ್ತಾಗಬಾರದು, ಅದೇ ಆ ಕೆಲಸದ ಮರ್ಯಾದೆ. ಅವಳ ಕೈಯದು ಗೊತ್ತಾಗುತ್ತಿರಲಿಲ್ಲ. ಗಂಡ ವಾಸು ಯಶವಂತಪುರದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದ. ಮದುವೆಯ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವೂ ಅವನ ಬೆರಳಲ್ಲೇ ಅಕ್ಷರವಾಗಬೇಕು. ಮಾತು ಕಡಿಮೆ, ಮನಸ್ಸು ಮೆದು.

ಅವರಿಗೆ ಒಬ್ಬಳೇ ಮಗಳು. ಮನೆದೇವರು ಮುನೇಶ್ವರನ ಹೆಸರು ಸೇರಲಿ ಎಂದು ಮುನಿಶ್ರೀ ಎಂದಿಟ್ಟು, ಸಿರಿ ಎಂದು ಕರೆದರು. ಬೆಳಿಗ್ಗೆ ಎರಡು ಜಡೆಗೆ ಎರಡು ಕೆಂಪು ಟೇಪು ಕಟ್ಟಿ ಕಳಿಸಿದರೆ ಸಂಜೆ ಒಂದೇ ಟೇಪಿನಲ್ಲಿ ಬರುವ ಹುಡುಗಿ. ಇನ್ನೊಂದು ಎಲ್ಲಿ ಹೋಯಿತೆಂದು ಗದರಿದರೆ, "ಅದಕ್ಕೆ ಗೊತ್ತಿರತ್ತೆ, ನನ್ನ ಯಾಕೆ ಕೇಳ್ತೀಯಾ" ಅನ್ನುವಳು.

ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ ಸಿರಿಗೆ ಡೆಂಗ್ಯೂ ಬಂತು. ಆಗ ಅವಳು ಎರಡನೇ ಕ್ಲಾಸು. ಆಸ್ಪತ್ರೆಯ ವರಾಂಡದಲ್ಲಿ ಕಾದು ಮಲಗಿದ್ದವರೆಲ್ಲ ಬೆಳಗಾದರೆ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಮಾತು, "ಇವತ್ತೆಷ್ಟು?" ಪ್ಲೇಟ್‌ಲೆಟ್ಟಿನ ಲೆಕ್ಕ ಅದು. ಏರಿದವರು ಕಾಫಿ ಕುಡಿಯಲು ಹೋಗುತ್ತಿದ್ದರು, ಇಳಿದವರು ಗೋಡೆಗೆ ಒರಗುತ್ತಿದ್ದರು. ಯಾರೋ ಹೇಳಿದರೆಂದು ಧನಲಕ್ಷ್ಮಿ ಪರಂಗಿ ಎಲೆ ಅರೆದು ರಸ ಹಿಂಡಿ ತಂದು ಕುಡಿಸಿದಳು. ಮಗು ಕಹಿ ಅಂತ ಅತ್ತಿತೇ ಹೊರತು ನಂಬರು ಏರಲಿಲ್ಲ. ಕೊನೆಯ ಬೆಳಿಗ್ಗೆ ಅವಳು ಗಂಜಿ ಕಾಯಿಸಿ ತರುತ್ತೇನೆಂದು ಮನೆಗೆ ಬಂದಳು. ಅಷ್ಟರಲ್ಲಿ ಡಾಕ್ಟರು ವಾಸುವನ್ನು ಒಳಗೆ ಕರೆದು, ಉಸಿರಾಡುತ್ತಿರುವುದು ಮೆಷೀನೇ ಹೊರತು ಮಗುವಲ್ಲ, ತೆಗೆಯೋಣವೇ ಎಂದು ಮೆತ್ತಗೆ ಕೇಳಿದರು. ವಾಸು ಹೂಂ ಅಂದ. ಹೆಂಡತಿ ಬರಲಿ ಅನ್ನಲಿಲ್ಲ. ಅವಳು ಅದನ್ನು ನೋಡುವುದು ಬೇಡವೆಂದೇ ಅನ್ನಲಿಲ್ಲ. ಧನಲಕ್ಷ್ಮಿ ಬಿಸಿ ಡಬ್ಬಿಯನ್ನು ಸೆರಗಿನಲ್ಲಿ ಹಿಡಿದು ಬಂದಾಗ ಮಗುವಿನ ಮುಖದ ಮೇಲೆ ಬಟ್ಟೆ ಬಂದಿತ್ತು.

ನನಗೇಕೆ ಕಾಯಲಿಲ್ಲ ಎಂದು ಅವಳು ಗಂಡನನ್ನು ಕೇಳಲಿಲ್ಲ. ಅವನೂ ತಾನಾಗಿ ಹೇಳಲಿಲ್ಲ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಹತ್ತಿರ ಕೂತು, ಒಂದು ಮಾತನ್ನು ನಡುವೆ ಇಟ್ಟುಕೊಂಡು, ಅದನ್ನು ಮುಟ್ಟದೆ ಬಾಳಿದರು.

ಅನಂತರಾಜು ಅವರ ಮನೆಗೆ ಬಂದದ್ದು ಅದಾದ ಮೇಲೆ. ಚಿಕ್ಕಜಾಲದವನು. ತಂದೆಯ ಹೊಲವೆಲ್ಲ ಏರ್‌ಪೋರ್ಟ್ ರಸ್ತೆಗೆ ಅಂಟಿಕೊಂಡಿದ್ದರಿಂದ ಈಗ ಅವರು ಅಪಾರ್ಟ್‌ಮೆಂಟು ಕಟ್ಟಿಸುವವರಾಗಿದ್ದರು. ಇವನಿಗೆ ಸಿಮೆಂಟು ಕಬ್ಬಿಣದ ಮೇಲೆ ಮನಸ್ಸಿಲ್ಲ, ಚಿತ್ರ ಬರೆಯುವ ಹುಚ್ಚು. ಸೋಲದೇವನಹಳ್ಳಿಯ ಕಾಲೇಜಿನಲ್ಲಿದ್ದಾಗ ಒಂದು ಆಟ ಕಲಿತಿದ್ದ. ಆಟದ ಹಾಳೆಗಳನ್ನು ಅಚ್ಚು ಹಾಕಿಸಲು ವಾಸುವಿನ ಪ್ರೆಸ್ಸಿಗೆ ಬಂದವನು, ವಾಸು ಸುಮ್ಮನೆ ಕೇಳಿದ ಎರಡು ಪ್ರಶ್ನೆಗೆ ಅರ್ಧ ದಿನ ಉತ್ತರ ಹೇಳಿ, ಮರುವಾರ ಮನೆಗೇ ಬಂದ.

ಆಟ ಇಂಥದ್ದು. ಒಬ್ಬ ಕಥೆ ಹೇಳುತ್ತಾನೆ. ಹಳೇ ಕಾಲದ ರಾಜ್ಯ, ಕಾಡು, ಮಾಟ, ಭೂತ ಎಲ್ಲ ಇರುವ ಕಥೆ. ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬರು ಒಂದೊಂದು ಆಳಾಗಿ, ಒಬ್ಬ ಕತ್ತಿಯವನು, ಒಬ್ಬ ಮಂತ್ರದವನು, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಆದೀತೋ ಇಲ್ಲವೋ ಎಂಬುದನ್ನು ದಾಳ ಹಾಕಿ ನೋಡುವುದು. ಇಪ್ಪತ್ತು ಮುಖದ ದಾಳವೂ ಉಂಟು. ಪ್ರತಿ ಆಳಿಗೂ ಜೀವ ಎಷ್ಟು ಎಂದು ಒಂದು ನಂಬರು ಇರುತ್ತದೆ. ಪೆಟ್ಟು ಬಿದ್ದಷ್ಟು ನಂಬರು ಇಳಿಯುತ್ತದೆ. ಸೊನ್ನೆಯಾದರೆ ಸತ್ತ ಹಾಗೆ.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ವಾಸು, ಅನಂತರಾಜು, ಅವನ ಇಬ್ಬರು ಗೆಳೆಯರು ಸೇರುತ್ತಿದ್ದರು. ದಾಳ ಸ್ಟೀಲು ತಟ್ಟೆಗೆ ಬಿದ್ದರೆ ಕಿವಿ ಕಿತ್ತುಹೋಗುವ ಸದ್ದಾಗುತ್ತಿದ್ದರಿಂದ ಧನಲಕ್ಷ್ಮಿ ಫಾಲ್ಸ್ ಬಟ್ಟೆಯ ತುಂಡು ಜೋಡಿಸಿ ತಟ್ಟೆಗೆ ಹಾಸು ಹೊಲಿದುಕೊಟ್ಟಳು. ಮುನಿಕೆಂಪಮ್ಮ ಎಲೆಯಡಿಕೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುವಳು.

"ಇಷ್ಟ್ ದೊಡ್ ಗಂಡಸ್ರು ದಾಯ ಆಕ್ಕೊಂಡ್ ಕುಂತವ್ರಲ್ಲ, ಯಾರಪ್ಪ ಗೆದ್ದೋರು?"

"ಇದ್ರಲ್ಲಿ ಗೆಲ್ಲೋದು ಅಂತ ಇಲ್ಲ ಅತ್ತೆ," ಅನ್ನುವನು ವಾಸು.

"ಗೆಲ್ಲೋದೇ ಇಲ್ದಿದ್ರೆ ಎಂಗೆ ಮುಗೀತದೆ?"

"ಮುಗಿಯೋದೂ ಇಲ್ಲ ಅಜ್ಜಿ," ಎಂದ ಅನಂತರಾಜು.

"ಅಂಗಾರೆ ಸಂಸಾರ ಅನ್ನು," ಎಂದು ಮುದುಕಿ ಹೊರಟುಹೋದಳು.

ಈ ಆಟಕ್ಕೆ ಒಂದಲ್ಲ, ಹತ್ತಾರು ಬಗೆಯ ನಿಯಮಗಳಿವೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು. ಹಾಗಾಗಿ ಯಾವ ನಿಯಮಕ್ಕೂ ಅಂಟಿಕೊಳ್ಳದ ಪುಸ್ತಕಗಳೂ ಇರುತ್ತವೆ ಎಂದು ಅನಂತರಾಜು ತೋರಿಸಿದ. ಅವುಗಳಲ್ಲಿ ಬರೀ ಊರು, ಜನ, ಅವರ ಗುಟ್ಟು, ಸಂತೆಯಲ್ಲಿ ಕೇಳಿಬರುವ ಸುದ್ದಿ, ಹಾಳುಗುಡಿಯ ನಕ್ಷೆ. ಯಾರಿಗೆ ಎಷ್ಟು ಜೀವ, ಎಷ್ಟು ಬಲ ಎಂಬ ನಂಬರು ಒಂದೂ ಇಲ್ಲ. ಆಡುವವರು ತಮ್ಮ ಆಟಕ್ಕೆ ತಕ್ಕ ಹಾಗೆ ತಾವೇ ಹಾಕಿಕೊಳ್ಳಬೇಕು. ಧನಲಕ್ಷ್ಮಿಗೆ ಅರ್ಥವಾಗಲೆಂದು ಅನಂತರಾಜು, ಉಪ್ಪು ಹಾಕದೆ ಕುಟ್ಟಿದ ಸಾರಿನ ಪುಡಿ ಇದ್ದ ಹಾಗೆ ಅತ್ತಿಗೆ, ಉಪ್ಪು ಅವರವರ ಮನೇದು ಎಂದ.

ವಾಸು ಆ ಪುಸ್ತಕವನ್ನು ಕೈಗೆತ್ತಿಕೊಂಡು ಒಂದೊಂದೇ ಪುಟ ತಿರುವಿದ. ಆಮೇಲೆ, ಅಂಥದ್ದೊಂದು ಪುಸ್ತಕ ನಾವೇ ಮಾಡೋಣ ಎಂದ.

ಹಾಗೆ ಶುರುವಾದದ್ದು "ಬಾಯಾರಿದ ಬಾವಿಗಳ ಊರು". ನೀರಿಲ್ಲದ ಬಾವಿಗಳು ರಾತ್ರಿ ಜನರ ಹೆಸರು ಹಿಡಿದು ಕೂಗುವ ಊರು ಅದು. ವಾಸು ಕನ್ನಡದಲ್ಲಿ ಹೇಳುತ್ತ ಹೋದ, ಅನಂತರಾಜು ಇಂಗ್ಲಿಷಿಗೆ ತಿರುಗಿಸಿದ, ಚಿತ್ರ, ನಕ್ಷೆ ಬರೆದ. ಆಡುವವರೆಲ್ಲ ಇಂಗ್ಲಿಷು ಓದುವವರೇ ತಾನೆ. ಪ್ರೆಸ್ಸಿನಿಂದ ಬಂದ ಹಾಳೆಗಳನ್ನು ಮಡಿಸಿ, ಒಂದರೊಳಗೊಂದು ಸೇರಿಸಿ, ನಡುವಿನ ಮಡಿಕೆಗೆ ದಬ್ಬಳ ಚುಚ್ಚಿ ಹೊಲಿಯುವ ಕೆಲಸ ಧನಲಕ್ಷ್ಮಿಗೆ ಬಂತು. ಇಂಗ್ಲಿಷು ಅವಳಿಗೆ ಬಾರದು. ಓದು ಏಳನೇ ಕ್ಲಾಸಿಗೆ ನಿಂತಿತ್ತು.

ಎರಡನೇ ದಿನವೋ ಮೂರನೇ ದಿನವೋ, ಹೊಲಿಯುತ್ತ ನಡುವಿನ ಮಡಿಕೆ ಬಿಡಿಸಿದಾಗ ಅವಳ ಕೈ ನಿಂತಿತು. ಎರಡು ಪುಟ ಸೇರಿ ಒಂದು ಚಿತ್ರ. ಒಂದು ಬಾವಿ, ಅದರ ಕಟ್ಟೆಗೆ ಒರಗಿ ಒಬ್ಬ ಹುಡುಗಿ. ಎರಡು ಜಡೆ. ಒಂದಕ್ಕೆ ಟೇಪು ಇದೆ, ಇನ್ನೊಂದು ಬಿಚ್ಚಿಕೊಂಡಿದೆ.

ಸಂಜೆ ವಾಸು ಬಂದಾಗ ಅವಳು ಆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಇವಳು ಇಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದಳು. ಬಂದವರಿಗೆ ದಾರಿ ಹೇಳುತ್ತಾಳೆ ಎಂದ ವಾಸು. ಯಾವ ಬಾವಿ ಒಳ್ಳೆಯದು, ಯಾವುದರ ಹತ್ತಿರ ಹೋಗಬಾರದು ಎಂದು ಅವಳೊಬ್ಬಳಿಗೇ ಗೊತ್ತು.

"ಇವಳಿಗೂ ಏನಾದ್ರೂ ಆಗತ್ತಾ?"

ವಾಸು ಅವಳ ಎದುರು ನೆಲದ ಮೇಲೆ ಕೂತ. "ಅದಕ್ಕೇ ಕಣೆ ಇಲ್ಲಿಟ್ಟಿದ್ದು. ಈ ಬುಕ್ಕಲ್ಲಿ ಯಾರಿಗೂ ನಂಬರಿಲ್ಲ. ನಂಬರಿದ್ರೆ ತಾನೆ ಇಳಿಯೋದು."

ಧನಲಕ್ಷ್ಮಿ ಅಂದು ಅತ್ತಳು. ಆಸ್ಪತ್ರೆಯಿಂದ ಬಂದ ಮೇಲೆ ಗಂಡನ ಮುಂದೆ ಅತ್ತದ್ದು ಅದೇ ಮೊದಲು. ಅತ್ತು ಮುಗಿಸಿ, ಫಾಲ್ಸ್ ಡಬ್ಬಿಯಿಂದ ಕೆಂಪು ದಾರದ ಉಂಡೆ ತೆಗೆದಳು. ಬಾವಿಯ ಚಿತ್ರ ನಡುವಿನ ಮಡಿಕೆಗೇ ಬರುವುದರಿಂದ ಅಲ್ಲಿ ದಾರ ಕಣ್ಣಿಗೆ ಕಾಣುತ್ತದೆ. ಅಂದಿನಿಂದ ಎಲ್ಲ ಪ್ರತಿಗೂ ಅಲ್ಲಿ ಕೆಂಪು ದಾರವನ್ನೇ ಹಾಕಿದಳು. ಗಂಟಿನ ತುದಿಯನ್ನು ಕತ್ತರಿಸದೆ ಒಂದಿಷ್ಟು ಬಿಡುವಳು, ಬಿಚ್ಚಿದ ಜಡೆಯ ಪಕ್ಕಕ್ಕೆ.

ಆಮೇಲೆ ನಾಲ್ಕೈದು ವರ್ಷ ಆ ಮನೆಯಲ್ಲಿ ಒಂದು ಬಗೆಯ ಸಮಾಧಾನವಿತ್ತು. ಭಾನುವಾರ ಅವರು ಅದೇ ಊರಿನ ಕಥೆ ಆಡುವಾಗ ಧನಲಕ್ಷ್ಮಿ ಅವರೆಕಾಯಿ ಬಿಡಿಸುವ ನೆಪದಲ್ಲಿ ಪಕ್ಕದಲ್ಲೇ ಕೂರುತ್ತಿದ್ದಳು. ಆಳುಗಳೆಲ್ಲ ಬಾವಿಯ ಹತ್ತಿರ ಬಂದಾಗ ಕಥೆ ಹೇಳುತ್ತಿದ್ದ ವಾಸು ಹುಡುಗಿಯ ದನಿ ತೆಗೆಯುತ್ತಿದ್ದ. "ಅಣ್ಣಾ, ಆ ಕಡೆ ಹೋಗ್ಬೇಡಿ. ಯಾಕೆ ಅಂತ ಕೇಳ್ಬೇಡಿ, ಬಾವೀನೇ ಕೇಳಿ, ಅದಕ್ಕೆ ಗೊತ್ತಿರತ್ತೆ." ಧನಲಕ್ಷ್ಮಿಯ ಕೈಯಲ್ಲಿ ಅವರೆಕಾಯಿ ಹಾಗೇ ಉಳಿಯುತ್ತಿತ್ತು. ಅನಂತರಾಜುವಿಗೆ ಎಲ್ಲ ಗೊತ್ತಿತ್ತು. ಎಷ್ಟೇ ಜಗಳಗಂಟ ಆಳನ್ನು ಆಡಿದರೂ ಆ ಹುಡುಗಿಯ ಮಾತನ್ನು ಅವನು ಮೀರುತ್ತಿರಲಿಲ್ಲ. ಪುಸ್ತಕ ಕೊಂಡವರ ಹೆಸರಿಗೆ ಅಂಚೆಯಲ್ಲಿ ಎಲ್ಲೆಲ್ಲಿಗೋ ಹೋಯಿತು. ಹೋದ ಕಡೆಯಲ್ಲೆಲ್ಲ ಸಿರಿ ಬಾವಿಯ ಹತ್ತಿರ ನಿಂತಿರುತ್ತಾಳೆ, ಬಂದವರು ಅವಳ ಹತ್ತಿರ ಮಾತಾಡುತ್ತಾರೆ, ಎಂದುಕೊಂಡು ಧನಲಕ್ಷ್ಮಿ ಮೆಷೀನು ತುಳಿಯುತ್ತಿದ್ದಳು.

ಎರಡು ಸಾವಿರದ ಹದಿನಾರರಲ್ಲಿ ಒಂದು ದಿನ ಆರ್.ಟಿ. ನಗರದಿಂದ ದಸ್ತಗೀರ್ ಎಂಬವನು ಬಂದ. ಮೊಬೈಲು ರಿಪೇರಿ ಅಂಗಡಿಯವನು. ತನ್ನ ಗೆಳೆಯರಿಗೆ ಕಥೆ ಹೇಳಿ ಆಡಿಸುವವನು ಅವನೇ. ಪುಸ್ತಕದ ಹಿಂದಿನ ವಿಳಾಸ ಹುಡುಕಿಕೊಂಡು ಬಂದಿದ್ದ. ಆಡಿ ಆಡಿ ಹೊಲಿಗೆ ಬಿಟ್ಟುಹೋಗಿದೆ, ಹೊಸದು ಬೇಡ, ಇದನ್ನೇ ಮತ್ತೆ ಹೊಲಿದುಕೊಡಿ ಎಂದ. ತನ್ನ ಕೈಕೆಲಸವನ್ನು ಇಷ್ಟು ಪ್ರೀತಿಯಿಂದ ಸವೆಸಿದವರನ್ನು ಕಂಡು ಧನಲಕ್ಷ್ಮಿಗೆ ಹಿಗ್ಗಾಯಿತು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ಪುಸ್ತಕ ಬಿಡಿಸಿದಳು.

ಬಾವಿಯ ಪುಟದಲ್ಲಿ, ಹುಡುಗಿಯ ತಲೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಅಂಕಿ. ಅದನ್ನು ಹೊಡೆದುಹಾಕಿ ಕೆಳಗೆ ಅದಕ್ಕಿಂತ ಸಣ್ಣದು. ಅದನ್ನೂ ಹೊಡೆದು ಒಂದು ಸೊನ್ನೆ. ಇಂಗ್ಲಿಷು ಬಾರದಿದ್ದರೂ, ಇಳಿಯುವ ಅಂಕಿಗಳನ್ನು ಅವಳಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

"ಇದು ಯಾರು ಬರ್ದಿದ್ದು?"

"ನಾನೇ ಅಕ್ಕಾ. ಆ ಹುಡುಗಿ ಜೀವ ಅದು. ಬುಕ್ಕಲ್ಲಿ ಕೊಟ್ಟಿಲ್ವಲ್ಲ, ನಮ್ಮ ರೂಲ್ಸಿಗೆ ನಾವೇ ಹಾಕ್ಕೋಬೇಕು. ಚಿಕ್ ಮಗು ಅಂತ ಕಮ್ಮಿ ಹಾಕಿದ್ದೆ."

ಅವಳ ಮುಖ ಅವನು ಗಮನಿಸಲಿಲ್ಲ. ಖುಷಿಯಿಂದಲೇ ಹೇಳಿಕೊಂಡು ಹೋದ. ತನ್ನ ಗೆಳೆಯರು ಹುಡುಗಿಯ ಮಾತು ಕೇಳದೆ ಕೆಟ್ಟ ಬಾವಿಗೆ ಹೋದರಂತೆ. ಹುಡುಗಿ ಅವರನ್ನು ವಾಪಸು ಕರೆಯಲು ಹಿಂದಿನಿಂದ ಓಡಿ ಬಂದಳಂತೆ. ಬಾವಿಯೊಳಗಿನದು ಕೈ ಚಾಚಿದಾಗ ಎದುರಿಗೆ ಸಿಕ್ಕಿದ್ದು ಅವಳು. ಅವರ ಮನೆಯಲ್ಲಿ ದಾಳವನ್ನು ಎಲ್ಲರೆದುರಿಗೇ ಹಾಕುವುದು, ಬಿದ್ದದ್ದನ್ನು ಯಾರೂ ಬದಲಿಸುವಂತಿಲ್ಲ, ಕಥೆ ಹೇಳುವವನೂ ಸಹ. ಉಳಿಸಲು ಎಲ್ಲರೂ ನೋಡಿದರು, ಆಗಲಿಲ್ಲ. ಲಾರಿ ಓಡಿಸುವ ಹಬೀಬುಲ್ಲಾ ಎಂಬ ಗೆಳೆಯನಂತೂ ಎದ್ದುಹೋಗಿ ಮುಖ ತೊಳೆದುಕೊಂಡು ಬಂದನಂತೆ. ಅವತ್ತು ತಂದಿಟ್ಟ ಬಿರಿಯಾನಿಯನ್ನು ಯಾರೂ ಮುಟ್ಟಲಿಲ್ಲ.

ಧನಲಕ್ಷ್ಮಿ ಪುಟದ ಮೇಲೆ ಅಂಗೈ ಇಟ್ಟುಕೊಂಡು ಕೇಳಿದಳು, "ಅವಳಿಗೆ ನೋವಾಯ್ತಾ?"

ದಸ್ತಗೀರ್ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. ಅವನ ಕಣ್ಣು ಅವಳ ಹೆಗಲ ಮೇಲಿಂದ ಒಳಗಿನ ಗೋಡೆಗೆ ಹೋಯಿತು. ಅಲ್ಲಿ ಹೂವು ಹಾಕಿದ ಒಂದು ಫೋಟೊ. ಎರಡು ಜಡೆ, ಒಂದು ಟೇಪು. ಕಾಫಿಯ ಲೋಟವನ್ನು ಅವನು ಮೆಲ್ಲನೆ ಕೆಳಗಿಟ್ಟ.

"ಇಲ್ಲಕ್ಕಾ," ಎಂದ. "ಹಬೀಬುಲ್ಲಾ ಎತ್ಕೊಂಡಿದ್ದ. ಅವನ ತೋಳಲ್ಲೇ ಇದ್ಲು. ನಿದ್ದೆ ಬರ್ತಿದೆ ಅಂದ್ಲು, ಅಷ್ಟೆ."

"ಒಬ್ಳೇ ಇರ್ಲಿಲ್ವಾ?"

"ಇಲ್ಲ ಅಕ್ಕಾ. ಎಲ್ಲಾರೂ ಇದ್ವಿ."

ಅವಳು ತಲೆಯಾಡಿಸಿದಳು. ಮುಂದಿನ ವಾರ ಬನ್ನಿ, ಹೊಲಿದಿಟ್ಟಿರುತ್ತೇನೆ ಎಂದಳು. ಅವನು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಎರಡು ಹೆಜ್ಜೆ ಹೋಗಿ ವಾಪಸು ಬಂದ.

ರಾತ್ರಿ ಉಣ್ಣುವಾಗ ಅವಳು ವಾಸುವಿಗೆ ಇಷ್ಟೇ ಹೇಳಿದಳು: ಆರ್.ಟಿ. ನಗರದಲ್ಲಿ ಸಿರಿ ಹೋಗಿಬಿಟ್ಟಳಂತೆ. ವಾಸು ಪೆನ್ಸಿಲಿನ ಗುರುತು ನೋಡಿದ. ಕಲಸಿದ ಅನ್ನ ತಟ್ಟೆಯಲ್ಲೇ ಒಣಗಿತು. ನಂಬರು ಬೇಡವೆಂದು ಮಗಳನ್ನು ಆ ಪುಸ್ತಕದಲ್ಲಿ ಬಚ್ಚಿಟ್ಟವನು ಅವನು. ನಂಬರಿಲ್ಲದ ಜಾಗದಲ್ಲಿ ಯಾರು ಬೇಕಾದರೂ ತಮ್ಮ ನಂಬರು ಬರೆಯಬಹುದು, ಬರೆಯಲೆಂದೇ ಅದನ್ನು ಖಾಲಿ ಬಿಡುವುದು ಎಂಬುದು ಅಷ್ಟು ವರ್ಷ ಪುಸ್ತಕ ಕಳಿಸುತ್ತಿದ್ದ ಅವನಿಗೆ ಹೊಳೆದೇ ಇರಲಿಲ್ಲ. ಹೊಳೆದಿದ್ದರೂ ಹೊಳೆಯದವನ ಹಾಗೆ ಇದ್ದನೋ ಏನೋ.

ಧನಲಕ್ಷ್ಮಿ ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಹುಡುಗಿಯ ಪಕ್ಕದಲ್ಲಿ ಒಂದು ಸಾಲು ಬರೆದುಬಿಡಿ, ಇವಳಿಗೆ ಯಾರೂ ನಂಬರು ಹಾಕಬಾರದು ಅಂತ. ವಾಸು ಅನಂತರಾಜುವನ್ನು ಕೇಳಿದ. ಅನಂತರಾಜು ತಲೆ ಕೆರೆದುಕೊಂಡು, ಬರೆಯಬಹುದು ಗುರು, ಆದರೆ ಆಡುವವರು ಕೇಳಬೇಕಲ್ಲ ಎಂದ. ಪುಸ್ತಕ ಕೈ ಬಿಟ್ಟ ಮೇಲೆ ಊರು ಅವರದು. ಒಬ್ಬರು ಕೇಳಿಯಾರು, ಹತ್ತು ಜನ ಕೇಳಲಾರರು. ಆ ಮಾತು ವಾಸುವಿನ ಎದೆಗೆ ನಾಟಿತು. ಅದನ್ನವನು ಮನೆಗೆ ಬಂದು ಹೇಳಲಿಲ್ಲ.

ಅದೇ ವಾರ ಪುಸ್ತಕದ ಎರಡನೇ ಮುದ್ರಣದ ಹಾಳೆಗಳು ಪ್ರೆಸ್ಸಿನಿಂದ ಬಂದವು. ಧನಲಕ್ಷ್ಮಿ ಕೆಂಪು ದಾರಕ್ಕೆ ಮೇಣ ಸವರಿಕೊಂಡು ಕೂತಳು. ನಡುವಿನ ಮಡಿಕೆ ಬಿಡಿಸಿದಳು. ಬಾವಿ ಇತ್ತು, ಕಟ್ಟೆ ಇತ್ತು. ಹುಡುಗಿ ಇದ್ದ ಜಾಗದಲ್ಲಿ ಹಿಂದಿನ ಕಲ್ಲುಗಳನ್ನು ಅನಂತರಾಜು ಒಂದೊಂದಾಗಿ ಚೆಂದ ಮಾಡಿ ಬರೆದಿದ್ದ, ಅಲ್ಲಿ ಎಂದೂ ಯಾರೂ ನಿಂತೇ ಇರಲಿಲ್ಲ ಎಂಬ ಹಾಗೆ. ಅವಳು ಇನ್ನೊಂದು ಹಾಳೆ ತೆಗೆದಳು, ಮತ್ತೊಂದು ತೆಗೆದಳು. ಕಟ್ಟಿನ ಅಡಿಯವರೆಗೂ ನೋಡಿದಳು.

ವಾಸು ಒಳಗೆ ಕಂಪ್ಯೂಟರಿನ ಮುಂದಿದ್ದ.

"ಸಿರಿ ಎಲ್ಲಿ?"

"ತೆಗ್ದೆ ಕಣೆ." ಅವನು ತಿರುಗಲಿಲ್ಲ. "ಇನ್ನು ಅವಳನ್ನ ಯಾರೂ ಏನೂ ಮಾಡೋಕಾಗಲ್ಲ. ನೀನು ಇನ್ನೊಂದ್ಸಲ ಅದನ್ನ ನೋಡೋದು ಬೇಡ ಅಂತ."

ಧನಲಕ್ಷ್ಮಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೂಗಾಡಲಿಲ್ಲ. ಆರು ವರ್ಷ ನಡುವೆ ಇಟ್ಟುಕೊಂಡಿದ್ದ ಮಾತು ತಾನಾಗಿಯೇ ಎದ್ದುಬಂತು.

"ಅವತ್ತೂ ಅದಕ್ಕೇ ಅಲ್ವಾ ಕಾಯ್ಲಿಲ್ಲ. ಗಂಜಿ ತಗೊಂಡ್ ಬರ್ತಾ ಇದ್ದೆ ರೀ ನಾನು. ಆಸ್ಪತ್ರೆ ಗೇಟಲ್ಲೇ ಇದ್ದೆ."

ವಾಸು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿನಿಂದ, ಮತ್ತೆ ಹಾಕಿಸುತ್ತೇನೆ, ಹಾಳೆಯೆಲ್ಲ ರದ್ದಿಗೆ ಹಾಕಿ ಹೊಸದಾಗಿ ಅಚ್ಚು ಹಾಕಿಸುತ್ತೇನೆ ಎಂದ.

"ಬೇಡ," ಎಂದಳು ಅವಳು. "ನಿಮ್ ಕೈಲಿ ಮೂರನೇ ಸಲ ಹೋಗೋದು ಬೇಡ ಅವಳು."

ಅಂದಿಗೆ ಅವಳು ಪುಸ್ತಕ ಹೊಲಿಯುವುದನ್ನು ಬಿಟ್ಟಳು. ಆ ಮುದ್ರಣಕ್ಕೆ ಪ್ರೆಸ್ಸಿನಲ್ಲೇ ಪಿನ್ನು ಹೊಡೆಸಿದರು. ಭಾನುವಾರದ ಆಟ ಒಂದೆರಡು ವಾರ ನಡೆದು ನಿಂತುಹೋಯಿತು. ಅನಂತರಾಜು ಬಂದು, ಕಲ್ಲುಗಳನ್ನು ಬರೆದ ಆ ಬೆರಳುಗಳನ್ನೇ ನೋಡಿಕೊಂಡು, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ.

ದಸ್ತಗೀರನ ಹಳೆಯ ಪ್ರತಿಯನ್ನು ಮಾತ್ರ ಅವಳು ಹೊಲಿದು ಮುಗಿಸಿದಳು. ರಬ್ಬರು ಹಿಡಿದು ಆ ಸೊನ್ನೆಯ ಮುಂದೆ ಕೂತಿದ್ದೂ ಉಂಟು. ಅಳಿಸಲಿಲ್ಲ. ಆದದ್ದು ಆಗಿದೆ, ಯಾರೋ ಲಾರಿ ಡ್ರೈವರು ಅವಳಿಗಾಗಿ ಮುಖ ತೊಳೆದುಕೊಂಡಿದ್ದಾನೆ, ಅದನ್ನು ಇಲ್ಲವೆನ್ನಲು ತಾನು ಯಾರು ಅನ್ನಿಸಿತು. ಕೆಂಪು ದಾರ ಹಾಕಿ, ತುದಿಯನ್ನು ಎಂದಿನಂತೆ ಬಿಟ್ಟಳು.

ಅವನು ಬಂದಾಗ ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಕೈಗಿಟ್ಟಳು.

"ಹೊಸ ಬುಕ್ಕಲ್ಲಿ ಅವಳಿಲ್ಲಪ್ಪ. ನಿಮ್ಮದ್ರಲ್ಲಿ ಇದಾಳೆ. ಮತ್ತೆ ಮೊದಲಿಂದ ಆಡಿದ್ರೆ, ಬಾವಿ ಹತ್ರ ನಿಲ್ಸಿ."

ಸುಳ್ಳು ಹೇಳಲು ಈ ಸಲ ಅವನಿಗೆ ಮನಸ್ಸು ಬರಲಿಲ್ಲ. "ದಾಳ ಯಾರ ಮಾತೂ ಕೇಳಲ್ಲ ಅಕ್ಕಾ. ಮತ್ತೆ ಹೋಗ್ಬಿಟ್ರೆ?"

"ಹೋದ್ರೆ ಹೋಗ್ಲಿ. ಅಲ್ಲೀವರೆಗೂ ಇರ್ತಾಳಲ್ಲ." ಅವಳು ಮೆಷೀನಿನ ಕಡೆ ತಿರುಗಿ ಯಾರದೋ ಸೀರೆಯ ಅಂಚು ಕೈಗೆತ್ತಿಕೊಂಡಳು. "ಆವಾಗ ಯಾರಾದ್ರೂ ಎತ್ಕೊಂಡಿರಿ. ಅಷ್ಟೇ ನಾನು ಕೇಳೋದು."

ಒಳಗೆ ಕಂಪ್ಯೂಟರಿನ ಕೀಲಿಗಳ ಸದ್ದು ನಿಂತಿತ್ತು. ವಾಸು ಹೊರಗೆ ಬರಲಿಲ್ಲ. ದಸ್ತಗೀರ್ ಪುಸ್ತಕವನ್ನು ಶರ್ಟಿನೊಳಗೆ ಎದೆಗೆ ಒತ್ತಿಟ್ಟುಕೊಂಡು, ಸ್ಕೂಟರನ್ನು ಬೀದಿಯ ತುದಿಯವರೆಗೆ ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಹೋದ.